ಯಾಂಬುಕುವಿನ ರಕ್ತ: ಯುರೋಪ್–ಆಫ್ರಿಕಾ ವೈದ್ಯಕೀಯ ಸಹಭಾಗಿತ್ವದ ಚರಿತ್ರೆ ಮತ್ತು ಕಥನ

ವಿಜ್ಞಾನದ ಚರಿತ್ರೆಯಲ್ಲಿ ಶೋಧಗಳಷ್ಟೇ ಶೋಧದ ಕಥನಗಳೂ ಮುಖ್ಯವಾದವು. ಒಂದು ಕಥನವು ಯಾರ ಬಾಯಲ್ಲಿ ಹುಟ್ಟಿತು, ಯಾರನ್ನು ನಾಯಕನನ್ನಾಗಿಸಿತು, ಯಾರ ಹೆಸರನ್ನು ಕೈಬಿಟ್ಟಿತು ಎಂಬ ಪ್ರಶ್ನೆಗಳು ಜಾನಪದ ಅಧ್ಯಯನಕ್ಕೆ ಹೊಸವಲ್ಲ. ಸಾಂಕ್ರಾಮಿಕ ರೋಗಗಳನ್ನು ಕುರಿತು ಯುರೋಪ್ ಹಾಗೂ ಆಫ್ರಿಕಾದ ಸಂಶೋಧಕರು ನಡೆಸಿದ ಜಂಟಿ ಕಾರ್ಯವನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಎಬೋಲಾ ರೋಗದ ಚರಿತ್ರೆಯು ಉಪಯುಕ್ತ ಆಕರವಾಗಿದೆ.

1976ರಲ್ಲಿ ಅಂದಿನ ಜೈರ್, ಇಂದಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಉತ್ತರ ಭಾಗದ ಯಾಂಬುಕು ಗ್ರಾಮದಲ್ಲಿ ಅಪರಿಚಿತ ಜ್ವರವೊಂದು ಕಾಣಿಸಿಕೊಂಡಿತು. ಬೆಲ್ಜಿಯಂನ ಸನ್ಯಾಸಿನಿಯರಿದ್ದ ಮಿಷನ್ ಆಸ್ಪತ್ರೆಯಲ್ಲಿ ಸರಿಯಾಗಿ ಶುದ್ಧೀಕರಿಸದೆ ಮತ್ತೆ ಮತ್ತೆ ಬಳಸಿದ ಚುಚ್ಚುಮದ್ದಿನ ಸೂಜಿಗಳು ರೋಗ ಹರಡಲು ಮುಖ್ಯ ಕಾರಣವಾದವು. 318 ಮಂದಿ ರೋಗಿಗಳಲ್ಲಿ 280 ಮಂದಿ ಮೃತರಾದರು. ಸರ್ಕಾರದ ಕೋರಿಕೆಯಂತೆ ಸ್ಥಳಕ್ಕೆ ತೆರಳಿದವರು ಬೆಲ್ಜಿಯಂನ ಲೂವೆನ್‌ನಲ್ಲಿ ಡಾಕ್ಟರೇಟ್ ಪಡೆದು ಸ್ವದೇಶಕ್ಕೆ ಮರಳಿದ್ದ ಸೂಕ್ಷ್ಮಜೀವಿ ವಿಜ್ಞಾನಿ ಝಾನ್-ಝಾಕ್ ಮುಯೆಂಬೆ. ಅವರು ಕೈಗವಸುಗಳಿಲ್ಲದೆಯೇ ರೋಗಿಗಳ ರಕ್ತವನ್ನು ಸಂಗ್ರಹಿಸಿದರು. ರೋಗಪೀಡಿತ ಸನ್ಯಾಸಿನಿಯೊಬ್ಬರನ್ನು ಕಿನ್ಶಾಸಾಕ್ಕೆ ಕರೆತಂದರು. ಆಕೆಯ ರಕ್ತ ಥರ್ಮಾಸ್ ಫ್ಲಾಸ್ಕೊಂದರಲ್ಲಿ ವಿಮಾನವೇರಿ ಆಂಟ್‌ವರ್ಪ್‌ನ ಉಷ್ಣವಲಯ ವೈದ್ಯಕೀಯ ಸಂಸ್ಥೆಯನ್ನು ಸೇರಿತು.

ಮುಂದೆ ಜನಪ್ರಿಯವಾದ ಶೋಧದ ಕಥನ ಆರಂಭವಾಗುವುದು ಈ ಫ್ಲಾಸ್ಕಿನಿಂದಲೇ. ಆಂಟ್‌ವರ್ಪ್‌ನ ತರುಣ ಸಂಶೋಧಕ ಪೀಟರ್ ಪಿಯೋಟ್ ಅದರ ಪ್ರಸಿದ್ಧ ಪಾತ್ರವಾದರು. 1977ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯು ಹೊಸ ವೈರಸ್ ಕುರಿತು ಅಮೆರಿಕ, ಬ್ರಿಟನ್ ಮತ್ತು ಬೆಲ್ಜಿಯಂ ಪ್ರಯೋಗಾಲಯಗಳ ಮೂರು ಪ್ರಬಂಧಗಳನ್ನು ಪ್ರಕಟಿಸಿತು. ರಕ್ತ ತೆಗೆದ ಮುಯೆಂಬೆಯವರ ಹೆಸರು ಈ ಮೂರರ ಲೇಖಕರ ಪಟ್ಟಿಯಲ್ಲಿಯೂ ಇರಲಿಲ್ಲ.

ಕೈಬಿಟ್ಟುಹೋದುದು ಒಂದು ಹೆಸರು ಮಾತ್ರವಲ್ಲ. ಹೊರಗಿನ ತಜ್ಞರು ತಲುಪುವ ಮೊದಲೇ ಯಾಂಬುಕು ಸುತ್ತಲಿನ ಹಳ್ಳಿಗಳ ಹಿರಿಯರು ದಾರಿಗಳಿಗೆ ಅಡ್ಡಗಟ್ಟಿ ಸಂಚಾರವನ್ನು ನಿರ್ಬಂಧಿಸಿದ್ದರು. ಸಿಡುಬಿನ ಕಾಲದಿಂದ ಉಳಿದುಬಂದ ಈ ತಿಳಿವಳಿಕೆಯು ರೋಗ ನಿಯಂತ್ರಣಕ್ಕೆ ನೆರವಾಯಿತು. ಊರಿಗೆ ಕಳಂಕ ತಟ್ಟದಿರಲೆಂದು ವಿಜ್ಞಾನಿಗಳು ವೈರಸ್ಸಿಗೆ ಎಬೋಲಾ ನದಿಯ ಹೆಸರನ್ನಿಟ್ಟರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಪತ್ತೆಯಾದ ರೋಗ ಶಾಸ್ತ್ರದಲ್ಲಿ ಕ್ಯಾಸನೂರು ಕಾಡಿನ ಹೆಸರು ಹೊತ್ತಿದೆ. ಮಂಗಗಳ ಸಾವನ್ನು ಕಂಡ ಜನ ಮಾತ್ರ ಅದನ್ನು 'ಮಂಗನ ಕಾಯಿಲೆ' ಎಂದೇ ಕರೆದರು. ಹೆಸರಿಡುವ ಅಧಿಕಾರವೂ ಜ್ಞಾನದ ಒಡೆತನದ ಒಂದು ಭಾಗವೆಂಬುದನ್ನು ಈ ಎರಡು ನಿದರ್ಶನಗಳೂ ತೋರಿಸುತ್ತವೆ.

1995ರಲ್ಲಿ ಕಿಕ್ವಿಟ್ ನಗರದಲ್ಲಿ ರೋಗ ಮರುಕಳಿಸಿದಾಗ ಮುಯೆಂಬೆ ಹಾಗೂ ಸಂಗಡಿಗರು ಚೇತರಿಸಿಕೊಂಡವರ ರಕ್ತವನ್ನು 8 ರೋಗಿಗಳಿಗೆ ನೀಡಿದರು. 7 ಮಂದಿ ಬದುಕಿದರು. ಹೋಲಿಕೆಗೆ ಬೇರೊಂದು ಗುಂಪು ಇರಲಿಲ್ಲವೆಂಬ ಕಾರಣಕ್ಕೆ ಈ ಫಲಿತಾಂಶವನ್ನು ಅನೇಕರು ಸಂಶಯಿಸಿದರು. ಆ ಆಕ್ಷೇಪದಲ್ಲಿ ಶಾಸ್ತ್ರೀಯ ಹುರುಳಿತ್ತು. ಆದರೆ ಕಿಕ್ವಿಟ್‌ನಲ್ಲಿ ಬದುಕುಳಿದ ಒಬ್ಬರ ರಕ್ತದಿಂದಲೇ ಅಮೆರಿಕ ಮತ್ತು ಸ್ವಿಟ್ಜರ್ಲೆಂಡ್‌ನ ಸಂಶೋಧಕರು ಮುಂದೆ ಒಂದು ಪ್ರತಿಕಾಯವನ್ನು ಬೇರ್ಪಡಿಸಿದರು. 2018–19ರಲ್ಲಿ ಕಾಂಗೊದಲ್ಲಿಯೇ ನಡೆದ ಪರೀಕ್ಷೆಯಲ್ಲಿ ಆ ಔಷಧ ಪಡೆದವರ ಮರಣ ಪ್ರಮಾಣ ಶೇ. 35ರಷ್ಟಿದ್ದರೆ, ಹೋಲಿಕೆಗೆ ಬಳಸಿದ ಔಷಧ ಪಡೆದವರಲ್ಲಿ ಅದು ಶೇ. 50ರ ಸಮೀಪದಲ್ಲಿತ್ತು. 2020ರಲ್ಲಿ ಅಮೆರಿಕ ಆ ಔಷಧಕ್ಕೆ ಅನುಮತಿ ನೀಡಿತು. ರೋಗಿಗಳ ರಕ್ತದ ಮಾದರಿಗಳು ದೇಶದಲ್ಲಿಯೇ ಉಳಿಯಬೇಕೆಂದು ಮುಯೆಂಬೆ 2019ರಲ್ಲಿ ಬಹಿರಂಗವಾಗಿ ಪ್ರತಿಪಾದಿಸಿದ್ದನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು.

ಸಾಂಸ್ಥಿಕ ಮಟ್ಟದಲ್ಲಿಯೂ ಇಂಥದೇ ಚಲನೆ ಕಾಣುತ್ತದೆ. ಏಡ್ಸ್, ಕ್ಷಯ ಮತ್ತು ಮಲೇರಿಯಾ ಔಷಧಗಳ ಪರೀಕ್ಷೆಗಾಗಿ 2003ರಲ್ಲಿ ಯುರೋಪಿನ ರಾಷ್ಟ್ರಗಳು ಆಫ್ರಿಕಾದೊಂದಿಗೆ ಸಹಭಾಗಿತ್ವ ಯೋಜನೆಯನ್ನು ಸ್ಥಾಪಿಸಿದವು. 2014ರಲ್ಲಿ ಆರಂಭವಾದ ಅದರ ಎರಡನೆಯ ಹಂತದಲ್ಲಿ ಆಫ್ರಿಕಾದ ರಾಷ್ಟ್ರಗಳೂ ಅದರ ಸದಸ್ಯತ್ವ ಪಡೆದವು. ಆದರೆ ಸದಸ್ಯತ್ವವೊಂದರಿಂದಲೇ ಸಮಾನತೆ ಸಿದ್ಧಿಸುವುದಿಲ್ಲ. ಮಾದರಿಯನ್ನು ಎಲ್ಲಿ ಇಡಬೇಕು, ಪ್ರಬಂಧದಲ್ಲಿ ಯಾರ ಹೆಸರು ಬರಬೇಕು, ಸಿದ್ಧವಾದ ಔಷಧ ರಕ್ತ ಕೊಟ್ಟ ಊರನ್ನು ಎಂದು ತಲುಪಬೇಕು ಎಂಬ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ಸಹಭಾಗಿತ್ವದ ನಿಜವಾದ ಅಳತೆಗೋಲು. ಯಾಂಬುಕುವಿನ ಚರಿತ್ರೆಯನ್ನು ಫ್ಲಾಸ್ಕಿನಿಂದಲ್ಲದೆ ಅಡ್ಡಗಟ್ಟಿದ ದಾರಿಗಳಿಂದ, ಬರಿಗೈಯಲ್ಲಿ ರಕ್ತ ತೆಗೆದ ವೈದ್ಯನಿಂದ ಬರೆಯತೊಡಗಿದಾಗ ಈ ಪ್ರಶ್ನೆಗಳು ತಾವಾಗಿಯೇ ಮುನ್ನೆಲೆಗೆ ಬರುತ್ತವೆ.