ಮುಸಾಫಿರ್‌ಖಾನದಿಂದ ಲಾಡ್ಜ್‌ವರೆಗೆ: ಒಂದು ರಾತ್ರಿ ತಂಗುವ ಕಥೆ

ಬಸವಾಪಟ್ಟಣಕ್ಕೆ ರೈಲು ಬರುವುದಿಲ್ಲ. ದೂರದ ರೈಲು ಹಿಡಿಯಬೇಕಾದರೆ ಮೊದಲು ಬಸ್ಸು ಹತ್ತಿ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಬೇಕು. ಕಾಶಿಗೆ ಹೊರಟವರಿಗೆ, ದೊಡ್ಡ ಆಸ್ಪತ್ರೆಗೆ ಹೊರಟವರಿಗೆ ಒಂದೇ ರೈಲು ಸಾಲುವುದೂ ಇಲ್ಲ. ನಡುವೆ ಯಾವುದೋ ಪಟ್ಟಣದಲ್ಲಿ ಇಳಿದು ಮರುದಿನದ ರೈಲಿಗೆ ಕಾಯಬೇಕು. ಆಗ ಮನೆಯವರೆಲ್ಲ ಕೇಳುವ ಪ್ರಶ್ನೆ ಒಂದೇ: ರಾತ್ರಿ ಎಲ್ಲಿ ಮಲಗುತ್ತೀರಿ?

ಈ ಪ್ರಶ್ನೆಗೆ ಹಳೆಯ ಉತ್ತರವೊಂದು ನಮ್ಮ ತಾಲ್ಲೂಕಿನಲ್ಲೇ ನಿಂತಿದೆ. ಸಂತೇಬೆನ್ನೂರಿನ ಪುಷ್ಕರಣಿ ನೋಡಲು ಹೋದವರೆಲ್ಲ ಪಕ್ಕದ ದೊಡ್ಡ ಕಲ್ಲಿನ ಕಟ್ಟಡವನ್ನೂ ನೋಡಿರುತ್ತೀರಿ. ಪುಷ್ಕರಣಿ ನಮ್ಮ ಬಸವಾಪಟ್ಟಣದ ನಾಯಕ ಮನೆತನದ ಕೆಂಗ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ್ದು. ಪಕ್ಕದ ಕಟ್ಟಡ 17ನೇ ಶತಮಾನದ್ದು, ವಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ್ದು. ಅದನ್ನು ಮಸೀದಿ ಎಂದವರೂ ಇದ್ದಾರೆ. ಆದರೆ ಜನರ ಬಾಯಲ್ಲೂ ಪುರಾತತ್ವ ಇಲಾಖೆಯ ಪಟ್ಟಿಯಲ್ಲೂ ಅದರ ಹೆಸರು ಮುಸಾಫಿರ್‌ಖಾನ. ಮುಸಾಫಿರ್ ಎಂದರೆ ಪ್ರಯಾಣಿಕ, ಖಾನ ಎಂದರೆ ಮನೆ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಎತ್ತಿನ ಗಾಡಿಯ ಕಾಲದಲ್ಲಿ ದಾರಿಹೋಕರು ಮಠದಲ್ಲಿ, ಗುಡಿಯ ಅಂಗಳದಲ್ಲಿ, ಚಾವಡಿಯಲ್ಲಿ, ಪರಿಚಯದವರ ಜಗಲಿಯಲ್ಲಿ ಮಲಗುತ್ತಿದ್ದರು. ರೈಲು ಬಂದ ಮೇಲೆ ಇದು ಸಾಲದಾಯಿತು. ಗುಬ್ಬಿಯಿಂದ ಹರಿಹರದವರೆಗಿನ ಹಳಿ 1889ರಲ್ಲಿ ತೆರೆಯಿತು. ದಾವಣಗೆರೆಗೆ ರೈಲು ಬಂದದ್ದು ಹಾಗೆ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಬಂತು. ಹಳ್ಳಿಯವರು ಒಂದೇ ದಿನದಲ್ಲಿ, ಒಬ್ಬ ಪರಿಚಯದವರೂ ಇಲ್ಲದ ಬೆಂಗಳೂರಿಗೆ ಹೋಗಿ ಇಳಿಯತೊಡಗಿದರು.

ಈ ಕಷ್ಟ ಕಂಡು ಕೈಯಿಂದ ಹಣ ಹಾಕಿದವರು ಗುಬ್ಬಿ ತೋಟದಪ್ಪ. ಗುಬ್ಬಿಯಿಂದ ಬಂದು ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಗಳಿಸಿದ ಆಸ್ತಿಯಿಂದ ಅವರು ರೈಲು ನಿಲ್ದಾಣದ ಎದುರಿಗೇ ಛತ್ರ ಕಟ್ಟಿಸಿದರು. 1903ರಲ್ಲಿ ಶುರುವಾದ ಆ ಛತ್ರದ ಹೆಸರು ನಮ್ಮ ಕಡೆಯ ಹಿರಿಯರಿಗೆ ಇವತ್ತಿಗೂ ಗೊತ್ತು.

ಆಮೇಲೆ ಹೋಟೆಲುಗಳು ಬಂದವು. ನಮ್ಮ ಮಾತಿನಲ್ಲಿ ಹೋಟೆಲ್ ಎಂದರೆ ಊಟ-ತಿಂಡಿಯ ಜಾಗ, ಮಲಗುವ ಜಾಗ ಲಾಡ್ಜ್. ಎರಡನ್ನೂ ಒಂದೇ ಸೂರಿನಡಿ ಕೊಡುವ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಬೋರ್ಡುಗಳು ಪಟ್ಟಣಗಳಲ್ಲಿ ಎದ್ದವು. ದಕ್ಷಿಣ ಕನ್ನಡದ ಕಡಂದಲೆಯ ಕೃಷ್ಣ ರಾವ್ ಅಡುಗೆಮನೆಯಲ್ಲಿ ಕೂಲಿಯಾಗಿ ದುಡಿದು, 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ತೀರ ಶ್ರೀಮಂತರಲ್ಲದ ಪ್ರಯಾಣಿಕರಿಗೂ ಹಣ ಕೊಟ್ಟರೆ ಕೋಣೆ, ಸ್ನಾನಕ್ಕೆ ನೀರು, ಬಾಳೆಲೆ ಊಟ ಸಿಗುವ ಕಾಲ ಬಂತು.

ಆದರೆ ಹಣವಿದ್ದವರಿಗೆಲ್ಲ ಸಿಗುತ್ತಿತ್ತೇ? ಇಲ್ಲ. ಎಷ್ಟೋ ಛತ್ರಗಳು ಒಂದೊಂದು ಜಾತಿಯವರಿಗೆ ಮಾತ್ರ ಇದ್ದವು. ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ ಇರುತ್ತಿತ್ತು. ದಲಿತರಿಗೆ ಬಾಗಿಲೇ ಇರಲಿಲ್ಲ.

ಇದರ ನೋವನ್ನು ಬಾಬಾಸಾಹೇಬ್ ಅಂಬೇಡ್ಕರ್ ತಾವೇ ಬರೆದಿದ್ದಾರೆ. ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದವರು 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋಗಿ ರೈಲಿನಿಂದ ಇಳಿದರು. ಹಿಂದೂ ಹೋಟೆಲುಗಳು ತಮ್ಮನ್ನು ಸೇರಿಸುವುದಿಲ್ಲವೆಂದು ಗೊತ್ತಿತ್ತು. ಕೊನೆಗೆ ಪಾರ್ಸಿಗಳ ವಸತಿಗೃಹದಲ್ಲಿ, ದಿನಕ್ಕೆ ಒಂದೂವರೆ ರೂಪಾಯಿ ಬಾಡಿಗೆಗೆ, ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಕೆಲವೇ ದಿನಗಳಲ್ಲಿ ಗುಟ್ಟು ಬಯಲಾಯಿತು. ದೊಣ್ಣೆ ಹಿಡಿದ ಗುಂಪು ಬಂದು ಅವರನ್ನು ಹೊರಗೆ ಹಾಕಿತು. ಊರಲ್ಲಿ ಬೇರೆಲ್ಲೂ ಜಾಗ ಸಿಗದೆ, ಉದ್ಯಾನದಲ್ಲಿ ಗಂಟೆಗಟ್ಟಲೆ ಕುಳಿತು, ರಾತ್ರಿಯ ರೈಲಿಗೆ ಬೊಂಬಾಯಿಗೆ ವಾಪಸಾದರು.

ಮುಂದೆ ಅವರೇ ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ ಸಂವಿಧಾನದ 15ನೇ ವಿಧಿ, ಜಾತಿ ಧರ್ಮಗಳ ಕಾರಣಕ್ಕೆ ಯಾರನ್ನೂ ಹೋಟೆಲಿನಿಂದ ಹೊರಗಿಡುವಂತಿಲ್ಲ ಎಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹಾಗೆ ಮಾಡುವವರಿಗೆ ಶಿಕ್ಷೆ ಇಟ್ಟಿತು. 1976ರಿಂದ ಅದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರಿನಲ್ಲಿ ಜಾರಿಯಲ್ಲಿದೆ. ಆ ಕಾಯ್ದೆಯಲ್ಲಿ ಹೋಟೆಲ್, ಧರ್ಮಶಾಲೆ, ಸರಾಯಿಗಳ ಜೊತೆಗೆ ಇನ್ನೊಂದು ಪದವಿದೆ: ಮುಸಾಫಿರ್‌ಖಾನ. ಸಂತೇಬೆನ್ನೂರಿನ ಕಲ್ಲಿನ ಕಟ್ಟಡದ ಹೆಸರು ದೇಶದ ಕಾನೂನಿನಲ್ಲೂ ಇದೆ.

ಇವತ್ತು ದೊಡ್ಡ ರೈಲು ನಿಲ್ದಾಣಗಳಲ್ಲೇ ರಿಟೈರಿಂಗ್ ರೂಮುಗಳಿವೆ. ಖಚಿತ ಅಥವಾ ಆರ್‌ಎಸಿ ಟಿಕೆಟ್ ಇದ್ದರೆ ಪಿಎನ್‌ಆರ್ ಸಂಖ್ಯೆ ಕೊಟ್ಟು ಮೊಬೈಲಿನಲ್ಲೇ ಕಾಯ್ದಿರಿಸಬಹುದು. ಹಲವು ಕಡೆ ಒಂದು ಹಾಸಿಗೆಯ ಡಾರ್ಮಿಟರಿಯೂ ಸಿಗುತ್ತದೆ. ಹೊರಗಿನ ಲಾಡ್ಜಿಗೆ ಹೋಗುವುದಾದರೆ ಒಂದು ಮಾತು ಮೊದಲೇ ಕೇಳಿ: ಬಾಡಿಗೆ 24 ಗಂಟೆಗೋ, ಮರುದಿನ ಮಧ್ಯಾಹ್ನ 12ರವರೆಗೋ? ರಾತ್ರಿ 11ಕ್ಕೆ ಇಳಿದವರಿಗೆ ಈ ವ್ಯತ್ಯಾಸ ಅರ್ಧ ದಿನದ್ದು.

ಕೌಂಟರಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ಕೊಡಲೇಬೇಕು. ಜಾತಿ ಕೇಳಿದರೆ ಹೇಳಬೇಕಾಗಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಕೋಣೆ ಇಲ್ಲವೆಂದರೆ ಅದು ಅಪರಾಧ, ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಬಹುದು. ಅಂಬೇಡ್ಕರರು ಬೇರೆಯವರ ಹೆಸರು ಬರೆಸಬೇಕಾಗಿ ಬಂದ ರಿಜಿಸ್ಟರಿನಲ್ಲಿ ಇವತ್ತು ನಾವು ನಮ್ಮದೇ ಹೆಸರು, ನಮ್ಮದೇ ಊರು ಬರೆಯುತ್ತೇವೆ. ಮುಂದಿನ ಸಲ ಲಾಡ್ಜಿನಲ್ಲಿ ಪೆನ್ನು ಕೈಗೆ ಬಂದಾಗ ಇದು ನೆನಪಿರಲಿ.