ದಂತವೈದ್ಯೆ ಸಂಸದೆಯಾದಾಗ

2024ರ ಮೇ 7ರಂದು ದೇವರಾಜ ಅರಸು ಬಡಾವಣೆಯ ಮತದಾರರ ಮುಂದಿದ್ದ ಇಬ್ಬರು ಪ್ರಮುಖ ಅಭ್ಯರ್ಥಿಗಳೂ ಮಹಿಳೆಯರೇ. ಕಾಂಗ್ರೆಸ್ಸಿನ ಡಾ. ಪ್ರಭಾ ಮಲ್ಲಿಕಾರ್ಜುನ್ ದಂತವೈದ್ಯೆ. ಬಿಜೆಪಿಯ ಗಾಯತ್ರಿಯವರು ನಾಲ್ಕು ಬಾರಿ ಸಂಸದರಾಗಿದ್ದ ಜಿ.ಎಂ. ಸಿದ್ದೇಶ್ವರರ ಪತ್ನಿ. ಜೂನ್ 4ರಂದು ಡಾ. ಪ್ರಭಾ 26,094 ಮತಗಳ ಅಂತರದಿಂದ ಗೆದ್ದು ದಾವಣಗೆರೆಯ ಮೊದಲ ಸಂಸದೆಯಾದರು.

ವೈದ್ಯವೃತ್ತಿಯೊಂದೇ ಅವರಿಗೆ ಈ ದಾರಿ ತೆರೆಯಿತೆನ್ನಲಾರೆ. ಮಾವ ಶಾಮನೂರು ಶಿವಶಂಕರಪ್ಪನವರು 1998ರಲ್ಲಿ ಇದೇ ಸ್ಥಾನವನ್ನು ಗೆದ್ದಿದ್ದರು, ಪತಿ ಎಸ್.ಎಸ್. ಮಲ್ಲಿಕಾರ್ಜುನರು 2009ರಲ್ಲಿ ಕೇವಲ 2,024 ಮತಗಳಿಂದ ಸೋತಿದ್ದರು. ಮನೆತನದ ಬಲ ದೊಡ್ಡದು. ಆದರೂ ಮತ ಕೇಳಲು ಹೊರಡುವ ಮುನ್ನವೇ ಎಸ್.ಎಸ್. ಕೇರ್ ಟ್ರಸ್ಟಿನ ಉಚಿತ ಆರೋಗ್ಯ ಶಿಬಿರಗಳ ಮೂಲಕ ಅವರು ಜನರ ಬಳಿಗೆ ಹೋಗಿದ್ದರೆಂಬುದನ್ನು ಮರೆಯಬಾರದು.

ವೈದ್ಯರು ರೋಗಿಯ ಪಕ್ಷವನ್ನು ವಿಚಾರಿಸುವುದಿಲ್ಲ. ಇದೇ ಕ್ಷೇತ್ರದ ಹರಿಹರಕ್ಕೆ, ಸೆಪ್ಟೆಂಬರ್ 8ರ ಆರೋಗ್ಯ ಮಾತೆಯ ಹಬ್ಬಕ್ಕೆ ಹೋಗುವ ನೀವು ಕಂಡಿದ್ದೀರಿ: ಎಲ್ಲ ಮತಧರ್ಮದವರೂ ತಮ್ಮ ಬೇನೆಗಳನ್ನು ಹೊತ್ತು ಬರುತ್ತಾರೆ, ಯಾರನ್ನೂ ಬಾಗಿಲಲ್ಲಿ ತಡೆದು ಕೇಳುವವರಿಲ್ಲ. ರಾಜಕಾರಣಿಗೆ ಈ ನಿಷ್ಪಕ್ಷಪಾತ ಕಷ್ಟಸಾಧ್ಯ. ಪಕ್ಷದಿಂದಲೇ ಗೆದ್ದು ಬಂದವರಲ್ಲವೇ? ಆ ಚುನಾವಣೆಯಲ್ಲಿ ಗಾಯತ್ರಿಯವರಿಗೆ ಮತವಿತ್ತವರು ಆರು ಲಕ್ಷಕ್ಕೂ ಹೆಚ್ಚು. ಫಲಿತಾಂಶದ ಸಂಜೆಯಿಂದ ಅವರೆಲ್ಲರೂ ಈ ವೈದ್ಯೆಯ ಪಾಲಿಗೆ ಬಂದರು.