ಕ್ಯಾನ್ಸರ್ ಔಷಧಸೇವೆ, ಚೆನ್ನೈ

ಕ್ಯಾನ್ಸರ್ ಔಷಧಿಗಳ ಪ್ರಮಾಣವನ್ನು ತಾಳೆ ನೋಡಿ, ಅವುಗಳನ್ನು ಬೆರೆಸಿ ಕೊಟ್ಟು, ಸೇವಿಸುವ ಕ್ರಮವನ್ನು ರೋಗಿಗೆ ತಿಳಿಸುವ ಪರಿಣತ ಫಾರ್ಮಸಿಸ್ಟರ ಸೇವೆ. ಚೆನ್ನೈನಲ್ಲಿ ಔಷಧಿಯ ಚರಿತ್ರೆ ಹಳೆಯದು, ಅದನ್ನು ಬೆರೆಸುವವರ ಚರಿತ್ರೆ ಈಚಿನದು.

ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿದ್ದಾಗ ಅವರ ತಂಡ ಅಮಿನಾಪ್ಟೆರಿನ್ ಎಂಬ ಔಷಧಿಯನ್ನು ತಯಾರಿಸಿತು. ಅದರಿಂದ ರಕ್ತಕ್ಯಾನ್ಸರ್ ಪೀಡಿತ ಮಕ್ಕಳು ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡದ್ದನ್ನು ವೈದ್ಯ ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದರು. ಸುಬ್ಬರಾವ್ ತೀರಿಕೊಂಡದ್ದೂ, ಭಾರತದಲ್ಲಿ ಫಾರ್ಮಸಿ ಕಾಯ್ದೆ ಬಂದದ್ದೂ ಅದೇ ವರ್ಷ.

ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿ 1954ರಲ್ಲಿ ಅಡ್ಯಾರಿನಲ್ಲಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಆರಂಭಿಸಿದಾಗ ಅಲ್ಲಿದ್ದದ್ದು 12 ಹಾಸಿಗೆ. ಮರುವರ್ಷ ಡಾ. ವಿ. ಶಾಂತಾ ಸೇರಿದರು. ಆಗ ಕ್ಯಾನ್ಸರ್ ಚಿಕಿತ್ಸೆಯೆಂದರೆ ಮುಖ್ಯವಾಗಿ ಶಸ್ತ್ರಕ್ರಿಯೆ ಮತ್ತು ವಿಕಿರಣ. 1980ರ ದಶಕದಲ್ಲಿ ಮಕ್ಕಳ ರಕ್ತಕ್ಯಾನ್ಸರಿಗೆ ಅಡ್ಯಾರ್, ಮುಂಬಯಿಯ ಟಾಟಾ ಮತ್ತು ದೆಹಲಿಯ ಏಮ್ಸ್ ಆಸ್ಪತ್ರೆಗಳು ಎಂಸಿಪಿ-841 ಎಂಬ ಬಹುಔಷಧ ಕ್ರಮವನ್ನು ಬಳಸಿದವು. ಇಂಥ ಕ್ರಮಗಳಲ್ಲಿ ಒಂದೇ ಮಗುವಿಗೆ ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ, ಮೆಥೊಟ್ರೆಕ್ಸೇಟ್ ಬೆನ್ನುಹುರಿಯ ದ್ರವಕ್ಕೆ. ವಿನ್‌ಕ್ರಿಸ್ಟಿನ್ ತಪ್ಪಿ ಬೆನ್ನಿಗೆ ಹೋದರೆ ಬಹುಪಾಲು ಸಾವೇ. ಅದನ್ನು ಸಿರಿಂಜಿನಲ್ಲಿ ತುಂಬದೆ ಸಣ್ಣ ಡ್ರಿಪ್ ಚೀಲದಲ್ಲೇ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಸಿತು. ಚೀಲವನ್ನು ಬೆನ್ನಿಗೆ ಚುಚ್ಚುವ ಪ್ರಮೇಯವೇ ಬರುವುದಿಲ್ಲ.

ಬೆರೆಸುವವರಿಗೂ ಅಪಾಯವಿತ್ತು. ಈ ಔಷಧಿಗಳನ್ನು ಮುಟ್ಟುವ ದಾದಿಯರ ಮೂತ್ರದಲ್ಲಿ ವಂಶವಾಹಿಗೆ ಹಾನಿ ಮಾಡುವ ಅಂಶಗಳನ್ನು ಫಿನ್ಲೆಂಡಿನ ಸಂಶೋಧಕರು 1979ರಲ್ಲಿ ಗುರುತಿಸಿದರು. ಗಾಳಿಯನ್ನು ಮೇಲಿನಿಂದ ಕೆಳಕ್ಕೆ ಹಾಯಿಸುವ ಸುರಕ್ಷಾ ಪೆಟ್ಟಿಗೆ, ಎರಡು ಜೊತೆ ಕೈಗವಸು, ಪ್ರತ್ಯೇಕ ಕೋಣೆ ಕ್ರಮೇಣ ರೂಢಿಗೆ ಬಂದವು. ಅಲ್ಲಿನ ಕೆಲಸ ಕಣ್ಣಳತೆಯದಲ್ಲ: ಆಕ್ಸಾಲಿಪ್ಲಾಟಿನ್‌ಗೆ ಡೆಕ್ಸ್‌ಟ್ರೋಸ್ ಬೇಕು, ಸಲೈನ್ ಕೂಡದು, ಅದರ ದಾಯಾದಿ ಸಿಸ್‌ಪ್ಲಾಟಿನ್‌ಗೆ ಸಲೈನೇ ಬೇಕು. ಇಷ್ಟಾದರೂ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ವಾರ್ಡಿನ ದಾದಿಯರೇ ಇವನ್ನು ಬೆರೆಸುತ್ತಾರೆ.

ತರಬೇತಿಯ ದಾರಿ ಮೈಸೂರು ಮತ್ತು ಊಟಿಯ ಜೆಎಸ್‌ಎಸ್ ಕಾಲೇಜುಗಳ ಮೂಲಕ ಹಾದುಬಂದಿದೆ. ವಾರ್ಡಿಗೆ ಹೋಗಿ ಕಲಿಯುವ ಫಾರ್ಮಸಿ ಶಿಕ್ಷಣಕ್ಕೆ 1990ರ ದಶಕದಲ್ಲೇ ಅವು ಕೈಹಾಕಿದವು. ಆರು ವರ್ಷದ ಫಾರ್ಮ್.ಡಿ. ಕೋರ್ಸು ದೇಶದಲ್ಲಿ 2008ರಲ್ಲಿ ಜಾರಿಗೆ ಬಂತು. ಅಮೆರಿಕ 1996ರಲ್ಲೇ ಕ್ಯಾನ್ಸರ್ ಫಾರ್ಮಸಿಯನ್ನು ಪ್ರತ್ಯೇಕ ಪರಿಣತಿಯೆಂದು ಒಪ್ಪಿತ್ತು.

ಈಚೆಗೆ ಫಾರ್ಮಸಿಸ್ಟರ ಕೆಲಸ ಮತ್ತೆ ಔಷಧಿ ಕೌಂಟರಿಗೇ ಮರಳುತ್ತಿದೆ, ಮಾತ್ರೆಗಳ ದೆಸೆಯಿಂದ. ರಕ್ತಕ್ಯಾನ್ಸರಿನ ಮಾತ್ರೆ ಇಮ್ಯಾಟಿನಿಬ್ ಬಗೆಗಿನ ನೊವಾರ್ಟಿಸ್ ಪೇಟೆಂಟ್ ಅರ್ಜಿಯನ್ನು 2006ರಲ್ಲಿ ತಳ್ಳಿಹಾಕಿದ್ದು ಚೆನ್ನೈ ಪೇಟೆಂಟ್ ಕಚೇರಿಯೇ. 2013ರಲ್ಲಿ ಸುಪ್ರೀಂ ಕೋರ್ಟೂ ಕಂಪನಿಯ ಮೇಲ್ಮನವಿಯನ್ನು ಒಪ್ಪಲಿಲ್ಲ. ಹೀಗೆ ಅಗ್ಗವಾಗಿಯೇ ಉಳಿದ ಮಾತ್ರೆ ಮನೆಗೆ ಹೋಗುವಾಗ ಅದನ್ನು ಊಟದೊಂದಿಗೆ, ದೊಡ್ಡ ಲೋಟ ನೀರಿನಲ್ಲಿ ನುಂಗಬೇಕೆಂದು ಯಾರಾದರೂ ಹೇಳಬೇಕು. ಮೆಥೊಟ್ರೆಕ್ಸೇಟ್ ಮಾತ್ರೆಯಾದರೆ ವಾರದ ಯಾವ ದಿನ ಎಂಬುದನ್ನು ಚೀಟಿಯ ಮೇಲೆ ಬರೆದೇ ಕೊಡಬೇಕು. ವಾರಕ್ಕೊಮ್ಮೆ ನುಂಗುವುದನ್ನು ದಿನವೂ ನುಂಗಿ ಜೀವ ಕಳೆದುಕೊಂಡವರಿದ್ದಾರೆ.